ಹೆಚ್ಚಾತವ್ವಾ, ಹೆಚ್ಚಾತು

ನೀಲಕ್ಕನ ಕಾಲು ಸುಮ್ಮನಿದ್ದುದನ್ನು ನಾನು ನೋಡಿಯೇ ಇರಲಿಲ್ಲ. ಕೂತರೆ ಮಂಡಿ ಅಲ್ಲಾಡುತ್ತಿತ್ತು, ಮಲಗಿದರೆ ಹೆಬ್ಬೆರಳು. ಹಾನಗಲ್ಲಿನ ನಮ್ಮ ಓಣಿಯಲ್ಲಿ ನನ್ನ ಹೊಲಿಗೆ ಅಂಗಡಿಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅದರಾಚೆ ಅವರು ಓಡಾಡುವ ಸಪ್ಪಳ ಕೇಳುತ್ತಲೇ ನಾನು ಮಷಿನ್ ತುಳಿದವಳು. ಲಗ್ನದ ಅಡಿಗೆ ಅವರ ಕೆಲಸ. ಇವತ್ತು ಶಿಗ್ಗಾಂವಿ, ನಾಳೆ ಹಂಸಭಾವಿ. ಮನೆಗೆ ಬಂದರೂ ಚೀಲ ಬಿಚ್ಚುವುದರೊಳಗೆ ಮತ್ತೆ ಹೊರಗೆ. "ಕುಂತ್ರ ಕೀಲು ತುಕ್ಕ ಹಿಡಿತಾವ, ಗಿರಿಜಾ" ಎನ್ನುತ್ತಿದ್ದರು. ನಾನೋ ದಿನವಿಡೀ ಕೂತೇ ದುಡಿಯುವವಳು. ಸಿಟ್ಟು ಬರುತ್ತಿತ್ತು, ಬಿಡಿ.

ಅವರ ಬಾಯಲ್ಲಿ ಒಂದು ಮಾತು ಮಾತ್ರ ಬರುತ್ತಿರಲಿಲ್ಲ: ಮುಗಿಯಿತು. ಅಡಿಗೆಮನೆಯಲ್ಲಿ ಏನೇ ತೀರಿದರೂ ಅದು 'ಹೆಚ್ಚಾಗೈತಿ'. ಹಿರಿಯರೆಲ್ಲ ಹಾಗೇ ಅನ್ನುತ್ತಾರೆ, ಆದರೆ ನೀಲಕ್ಕನದು ಹಟ. ಸವಣೂರಿನ ಒಂದು ಲಗ್ನದಲ್ಲಿ ಹೋಳಿಗೆ ಮಾಡುವಾಗ ಬೆಲ್ಲ ತೀರಿತು. "ಬೆಲ್ಲ ಹೆಚ್ಚಾಗೈತ್ರಿ, ಲಗೂನ ನೋಡ್ರಿ" ಎಂದು ಹೇಳಿಕಳಿಸಿದರೆ, ಮೈಸೂರು ಕಡೆಯ ಬೀಗರು "ಹೆಚ್ಚಾಗಿದ್ದರೆ ಅಂಗಡಿಗೆ ವಾಪಸ್ ಕೊಟ್ಟರಾಯಿತು" ಎಂದು ನೆಮ್ಮದಿಯಾಗಿ ಎಲೆ ಅಡಿಕೆ ಹಾಕಿಕೊಂಡರಂತೆ! ಪಂಕ್ತಿ ಕೂತಿದೆ, ಹೋಳಿಗೆ ಇಲ್ಲ. ಮುಗಿಯಿತು ಅಂತ ನೆಟ್ಟಗೆ ಹೇಳಬಾರದೇ ಎಂದು ಬೀಗರು ರೇಗಿದರು. "ಲಗ್ನದ ಮನ್ಯಾಗ ಆ ಮಾತ ಆಡಿ ನಾ ಎಲ್ಲಿಗೆ ಹೋಗ್ಲಿ?" ಎಂದು ಇವರೂ ರೇಗಿದರು.

ಅಂಥವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಆಮೇಲೆ ಹೊಸ್ತಿಲು ದಾಟಲಿಲ್ಲ. ಬಚ್ಚಲಿಗೂ ಸೊಸೆ ಸುಮಾ ಹಿಡಿದುಕೊಂಡೇ ಹೋಗಬೇಕು. ಪಾಪ, ಸುಮಾ ಒಮ್ಮೆಯೂ ಮುಖ ಸಿಂಡರಿಸಿದವಳಲ್ಲ. ಆದರೂ ನೀಲಕ್ಕನಿಗೆ ಅದೇ ಕುದಿ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ನಂಗ ಸವಣೂರು ಬ್ಯಾಡ, ಹಂಸಭಾವಿ ಬ್ಯಾಡ. ಬಚ್ಚಲಕ್ಕ ನಾನ ಹೋಗಿ ನಾನ ಬರಬೇಕು. ಅಷ್ಟ ಸಾಕವ್ವಾ" ಎಂದು ಅತ್ತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ.

ವ್ಯಾಯಾಮ ಕಲಿಸುವ ಡಾಕ್ಟರ್ ಹುಡುಗಿ ಒಂದು ಮಾತಾಡುವ ಡಬ್ಬಿ ತಂದಿಟ್ಟಳು. "ಅಜ್ಜಿ, ದಿನಾ ಮುಂಜಾನೆ ಇದು ಹೇಳಿದಂಗ ಕುರ್ಚಿ ಮ್ಯಾಲೆ ಕುಂತು ಮಾಡ್ರಿ. ಸಾಕಾದಾಗ 'ಮುಗಿಯಿತು' ಅನ್ರಿ, ಸುಮ್ಮನಾಗತೈತಿ" ಎಂದು ಹೇಳಿ ಹೋದಳು. ಅಲ್ಲೇ ಕೆಟ್ಟಿತು ನೋಡಿ!

ಡಬ್ಬಿಯದು ಪುಸ್ತಕದ ಕನ್ನಡ. "ದಯವಿಟ್ಟು ಬಲಗಾಲನ್ನು ಮೇಲಕ್ಕೆತ್ತಿ." ನೀಲಕ್ಕ "ಎತ್ತೇನವ್ವಾ" ಎಂದು ಎತ್ತುವರು. ದಣಿದ ಮೇಲೆ, "ಹೆಚ್ಚಾತವ್ವಾ, ಹೆಚ್ಚಾತು."

"ಅರ್ಥವಾಗಲಿಲ್ಲ. ಮತ್ತೊಮ್ಮೆ ಮಾಡಿ."

"ಇದರ ಬಾಯಾಗ ಮಣ್ಣ ಹಾಕ!" ಎನ್ನುತ್ತ ಮತ್ತೊಮ್ಮೆ ಕಾಲು ಎತ್ತುವರು. ಅದು ಬಿಡದು, ಇವರು ಸೋಲರು. ಕೊನೆಗೆ ಸುಮಾ ಬಂದು ವೈರ್ ಕಿತ್ತರೇ ಇಬ್ಬರೂ ತಣ್ಣಗಾಗುತ್ತಿದ್ದುದು. ಮರುದಿನಕ್ಕೆಂದು ಆಮೇಲೆ ಅವಳೇ ಮತ್ತೆ ಸಿಕ್ಕಿಸಿಡುವಳು.

"ಒಂದ ಸಲ ಮುಗೀತು ಅಂದ್ಬಿಡ್ರಿ, ನೀಲಕ್ಕಾ!" ನಾನು ಗೋಡೆಯಾಚೆಯಿಂದ ಕೂಗುತ್ತಿದ್ದೆ.

"ಮುರದ ಎಲುಬಿನ ಮುಂದ ಹಂಗ ಹೆಂಗ ಅನ್ಲಿ? ಎಲುಬು ಅದನ್ನ ಖರೇ ಅಂತ ತಿಳಕೊಂಡ್ರ?"

ಒಂದು ಮುಂಜಾನೆ ಲಂಗಕ್ಕೆ ಅಂಚು ಹೊಲಿಯುತ್ತಿದ್ದೆ. ಗೋಡೆಯಾಚೆ ಕೋಲಿನ ಸಪ್ಪಳ. ಜೊತೆಗೆ ಸುಮಾಳ ಬಳೆ ಸದ್ದಿಲ್ಲ. ಮಷಿನ್ ನಿಲ್ಲಿಸಿದೆ. ಬಚ್ಚಲ ಬಾಗಿಲು ಕಿರ್ರೆಂದಿತು. ಎಷ್ಟೋ ಹೊತ್ತಿನ ಮೇಲೆ ನೀರು ಸುರಿದ ಸದ್ದು. ಮತ್ತೆ ಕೋಲು. ಆಮೇಲೆ ಇಡೀ ಓಣಿಗೆ ಕೇಳುವಂತೆ, "ಗಿರಿಜಾ! ಹೋಗಿ ಬಂದ್ನೆವ್ವಾ!"

ನಾನು ಕತ್ತರಿ ಕೈಯಲ್ಲಿ ಹಿಡಿದೇ ಓಡಿದೆ. ಬಾಗಿಲಲ್ಲಿ ಬೆವರು ಸುರಿಸುತ್ತ ನಿಂತು ನಗುತ್ತಿದ್ದರು. ಅಂದಿನಿಂದ ಸುಮಾಳನ್ನು ಬಚ್ಚಲ ಹತ್ತಿರ ಬಿಟ್ಟುಕೊಂಡವರಲ್ಲ.

ಈ ಚಳಿಗಾಲದಲ್ಲಿ ನೀಲಕ್ಕ ಹೋದರು. ಅವತ್ತೂ ಬಚ್ಚಲಿಗೆ ತಾವೇ ಹೋಗಿ ಬಂದು, ಜರ ಮೈ ಬೆಚ್ಚಗೈತಿ ಎಂದು ಮಲಗಿದವರು ಏಳಲಿಲ್ಲ. ಹೊದಿಕೆಯ ಹೊರಗಿದ್ದ ಪಾದವನ್ನು ನಾನು ಬಹಳ ಹೊತ್ತು ನೋಡಿದೆ. ಹೆಬ್ಬೆರಳು ಅಲ್ಲಾಡಲಿಲ್ಲ.

ಮರುದಿನ ಮುಂಜಾನೆ ಮನೆ ತುಂಬ ಜನ. ಆ ಗದ್ದಲದ ನಡುವೆ ಡಬ್ಬಿ ಮಾತಾಡಿತು: "ಶುಭೋದಯ. ದಯವಿಟ್ಟು ಬಲಗಾಲನ್ನು ಮೇಲಕ್ಕೆತ್ತಿ." ಎಲ್ಲರೂ ಅತ್ತ ತಿರುಗಿದರು. ಸುಮಾ ಸೆರಗು ಬಾಯಿಗೆ ಒತ್ತಿಕೊಂಡು, "ಗಿರಿಜಕ್ಕಾ, ಇವತ್ತ ವೈರ್ ಕೀಳಾಕ ಕೈ ಬರವಲ್ದು. ನೀವಾರ ಅದಕ್ಕ ಹೇಳ್ರಿ. ನನ್ನ ಬಾಯಿಂದ ಆಗಂಗಿಲ್ಲ" ಎಂದಳು.

ಹೋಗಿ ಡಬ್ಬಿಯ ಮುಂದೆ ನಿಂತೆ. ಹೇಳಬೇಕಾದದ್ದು ಒಂದೇ ಮಾತು.

"ಹೆಚ್ಚಾತವ್ವಾ" ಎಂದೆ. "ನಮ್ಮ ನೀಲಕ್ಕ ಹೆಚ್ಚಾದ್ರು."

"ಅರ್ಥವಾಗಲಿಲ್ಲ. ಮತ್ತೊಮ್ಮೆ ಮಾಡಿ."

ನಾನು ಅವರ ಕುರ್ಚಿಯಲ್ಲಿ ಕೂತು ಬಲಗಾಲು ಎತ್ತಿದೆ.