ನಾಲಿಗೆಗೆ ಹೇಳದೆ ಬಿಡಿಸಿದವರು

ಅವರ ಹುಬ್ಬುಗಳು ಕಂದು ಬಣ್ಣದವು ಎಂದೇ ನಾನು ಬಹಳ ವರ್ಷ ನಂಬಿದ್ದೆ. ತಲೆಗೂದಲೆಲ್ಲ ನರೆತಿದ್ದರೂ ಹುಬ್ಬು ಮಾತ್ರ ಹಾಗೆ ಉಳಿದದ್ದು ಹೇಗೆಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅದು ಬಣ್ಣವಲ್ಲ, ಕಾಫಿಪುಡಿ. ದಿನವಿಡೀ ಬೀಸುವ ಯಂತ್ರದ ಬಾಯಿಗೆ ಮುಖವೊಡ್ಡಿ ನಿಲ್ಲುತ್ತಿದ್ದುದರಿಂದ ಹುಬ್ಬು, ರೆಪ್ಪೆ, ಕಿವಿಯಂಚಿನ ರೋಮ ಎಲ್ಲದರ ಮೇಲೂ ನವಿರಾದ ಪುಡಿ ಕುಳಿತಿರುತ್ತಿತ್ತು. ಹೊಸದಾಗಿ ಬೀಸಿದ್ದನ್ನು ಪರೀಕ್ಷಿಸಬೇಕಾದಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಚಿಟಿಕೆ ಹೊಸೆದು, ಮೂಗಿನ ಎಡ ಹೊಳ್ಳೆಯ ಬಳಿಗೆ ಮಾತ್ರ ಒಯ್ಯುತ್ತಿದ್ದರು. ಕಾರಣ ಕೇಳಿದರೆ, "ಬಲಗಡೇದು ಸುಳ್ಳು ಹೇಳುತ್ತೆ ಮೇಷ್ಟ್ರೇ" ಎನ್ನುತ್ತಿದ್ದರು.

ಪಶ್ಚಿಮ ಮಾಂಬಲದಲ್ಲಿ ನಮ್ಮ ಬೀದಿಯ ತಿರುವಿನಲ್ಲಿ ಅವರ ಕಾಫಿಪುಡಿ ಅಂಗಡಿ. ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆನಿಂತ ಮನೆತನ. ಹಾಗಾಗಿ ಅವರ ಮಾತು ಹಾಸನದ ಕನ್ನಡಕ್ಕೆ ಮಾಂಬಲದ ತಮಿಳು ಬೆರೆತದ್ದು. ನಾನು ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸಿ, ಬಳಿಕ ಪೆರುಂಗುಡಿಯ ಕಚೇರಿಯೊಂದರಲ್ಲಿ ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸಕ್ಕೆ ಸೇರಿದವನು. ಕೇಳಿದ್ದನ್ನು ತಿದ್ದದೆ ಬಿಡುವ ಅಭ್ಯಾಸವಿರಲಿಲ್ಲ. ಅವರು "ಕೊಂಜ ತಾಳಿ" ಎಂದರೆ ನಾನು "ಸ್ವಲ್ಪ ತಾಳಿ" ಎನ್ನುತ್ತಿದ್ದೆ. "ಬೆರೆಸದೆ ಕಾಫಿ ಇಲ್ಲ ಮೇಷ್ಟ್ರೇ" ಎಂದು ನಕ್ಕು ಮತ್ತೆ "ಕೊಂಜ" ಎಂದೇ ಹೇಳುತ್ತಿದ್ದರು.

ಬೀದಿಯ ಪ್ರತಿ ಮನೆಯ ಪುಡಿಯ ಹದವೂ ಅವರ ತಲೆಯಲ್ಲಿತ್ತು, ಎಲ್ಲಿಯೂ ಬರೆದಿಟ್ಟುಕೊಂಡವರಲ್ಲ. ನನ್ನದು ಎಂಬತ್ತು ಪಾಲು ಕಾಫಿಗೆ ಇಪ್ಪತ್ತು ಪಾಲು ಚಿಕೋರಿ. ಒಂದು ಶನಿವಾರ ನಾನು ಸರದಿಯಲ್ಲಿ ನಿಂತಿದ್ದಾಗ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಹೆಂಡತಿ ಗಲ್ಲಾದ ಮೇಲೆ ಬಾಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಇವರು ತಲೆಯಾಡಿಸಿ, ತಕ್ಕಡಿಯಿಂದ ಒಂದು ಚಮಚ ಕಾಫಿಪುಡಿ ತೆಗೆದು ಒಂದು ಚಮಚ ಚಿಕೋರಿ ಸೇರಿಸಿದರು. ಆಕೆ ಹೋದ ಮೇಲೆ ವಿಚಾರಿಸಿದೆ.

"ಯಜಮಾನರಿಗೆ ಡಾಕ್ಟ್ರು ಕಾಫಿ ಕಮ್ಮಿ ಮಾಡಿ ಅಂದಿದಾರೆ. ಅವರು ಕೇಳಲ್ಲ. ವಾರಕ್ಕೊಂದು ಚಮಚ ಇಳಿಸ್ತಾ ಹೋಗ್ತೀನಿ."

"ಅವರಿಗೆ ತಿಳಿಸದೆಯೇ?"

"ನಾಲಿಗೆಗೆ ಹೇಳಿ ಬದಲಾಯಿಸಬಾರದು ಮೇಷ್ಟ್ರೇ. ಹೇಳಿದ್ರೆ ಜಗಳಕ್ಕೆ ಬರುತ್ತೆ."

"ಇದು ಮೋಸವಲ್ಲವೇ?"

"ಮೋಸ ಅನ್ನಬೇಕಾದ್ರೆ ಯಾರಿಗಾದ್ರೂ ನಷ್ಟ ಆಗ್ಬೇಕಲ್ಲ!"

ನಾನು ಕೊಂಚ ಹೆಮ್ಮೆಯಿಂದಲೇ, "ನನ್ನ ಪುಡಿಗೆ ಹಾಗೆ ಮಾಡಿದ್ದರೆ ಮೊದಲ ಗುಟುಕಿನಲ್ಲೇ ಹಿಡಿದುಬಿಡುತ್ತಿದ್ದೆ" ಎಂದೆ.

"ಆಮಾ, ಆಮಾ" ಎಂದು ಹೌದೌದೆನ್ನುವಂತೆ ತಲೆಯಾಡಿಸಿ ಅವರು ಮುಂದಿನ ಗಿರಾಕಿಯ ಕಡೆಗೆ ತಿರುಗಿದರು.

ಅವರಿಗೆ ನಾನು ಋಣಿಯಾದ ಪ್ರಸಂಗಕ್ಕೆ ಬರಬೇಕಾದರೆ ನನ್ನ ಕೆಮ್ಮಿನ ವಿಷಯ ಹೇಳಬೇಕು. ಕಾಲೇಜಿನ ದಿನಗಳಿಂದ ನಾನು ಸಿಗರೇಟು ಸೇದುತ್ತಿದ್ದೆ; ದಿನಕ್ಕೆ ಹದಿನೈದರವರೆಗೂ. ಬೆಳಿಗ್ಗೆ ನನ್ನ ಹೆಂಡತಿ ತರಕಾರಿ ಹೆಚ್ಚುವಾಗ ಪತ್ರಿಕೆಯ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ ಹೇಳುವುದು ಮದುವೆಯಾದಾಗಿನಿಂದ ನಮ್ಮ ರೂಢಿ. ಐವತ್ತು ಸಮೀಪಿಸುತ್ತಿದ್ದಂತೆ ಒಂದು ಉದ್ದನೆಯ ವಾಕ್ಯವನ್ನು ಕೊನೆ ಮುಟ್ಟಿಸಲು ನನಗೆ ಉಸಿರು ಸಾಲದಾಯಿತು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಕೆಮ್ಮು ಬರುವುದು ಸರಿಯಾಗಿ ಅದಕ್ಕೆ ಮುಂಚೆ. "ಸರ್ಕಾರವು ಈ ಬೇಡಿಕೆಯನ್ನು..." ಎಂದು ನಾನು ಕೆಮ್ಮತೊಡಗಿದರೆ, ಒಪ್ಪಿತೋ ತಳ್ಳಿಹಾಕಿತೋ ತಿಳಿಯದೆ ಅವಳು ಹುರುಳಿಕಾಯಿ ಹಿಡಿದು ಕಾಯುತ್ತಿದ್ದಳು. ಬರಬರುತ್ತಾ ಕಾಯುವುದನ್ನು ಬಿಟ್ಟು, "ತಳ್ಳಿಹಾಕಿರುತ್ತೆ ಬಿಡಿ" ಎಂದು ತಾನೇ ಪೂರ್ಣಗೊಳಿಸತೊಡಗಿದಳು. ನಗುವಿನ ಮಾತಾಗಿ ಆರಂಭವಾದದ್ದು, ಒಂದು ದಿನ ಅವಳು ಚಾಕು ಕೆಳಗಿಟ್ಟು "ಇನ್ನು ಓದ್ಬೇಡಿ, ನನಗೆ ಕೇಳೋಕಾಗಲ್ಲ" ಎಂದಾಗ ನಗುವಾಗಿ ಉಳಿಯಲಿಲ್ಲ. ಶ್ವಾಸಕೋಶದ ವೈದ್ಯರು ಊದಿಸಿ ನೋಡಿ, ಈಗ ಬಿಟ್ಟರೆ ಉಳಿದಷ್ಟಾದರೂ ಉಳಿಯುತ್ತದೆ, ಕಳೆದದ್ದು ಮರಳುವುದಿಲ್ಲ ಎಂದರು. ಅದಕ್ಕೂ ಮೊದಲು ನಾಲ್ಕು ಬಾರಿ ವೇಳಾಪಟ್ಟಿ ಹಾಕಿಕೊಂಡು ಬಿಟ್ಟಿದ್ದೆ. ನಾಲ್ಕು ಬಾರಿಯೂ ಪಟ್ಟಿ ಗೋಡೆಯ ಮೇಲೆ ಉಳಿಯಿತು, ಸಿಗರೇಟು ಬೆರಳಿಗೆ ಮರಳಿತು.

ನಿಕೋಟಿನ್ ಬೆರೆತ ದ್ರವವನ್ನು ಕಾಯಿಸಿ ಅದರ ಆವಿಯನ್ನು ಎಳೆಯುವ ವೇಪ್ ಎಂಬ ಇ-ಸಿಗರೇಟಿಗೆ ಆಗಿನ್ನೂ ಇಲ್ಲಿ ನಿಷೇಧವಿರಲಿಲ್ಲ. ಕಚೇರಿಯಲ್ಲಿ ಇಬ್ಬರು ಅದರ ನೆರವಿನಿಂದ ಸಿಗರೇಟು ಬಿಟ್ಟಿದ್ದರು. ನಾನು ಒಂದು ನೋಟ್‌ಪುಸ್ತಕದಲ್ಲಿ ಎಂಟು ಅಂಕಣಗಳನ್ನು ಎಳೆದು, ಬ್ಯಾಟರಿ, ಕಾಯಿಲ್, ದ್ರವ ಹಿಡಿಸುವ ಪ್ರಮಾಣ ಮುಂತಾದವನ್ನು ಹೋಲಿಸಿ ಬರೆದುಕೊಂಡೆ. ಶನಿವಾರ ಪುಡಿ ಕೊಳ್ಳಲು ಹೋದಾಗ ಅದನ್ನು ಅಂಗಡಿಯವರಿಗೆ ತೋರಿಸಿದೆ. ಅವರು ಆ ಪುಟಗಳನ್ನು ಬಹಳ ಹೊತ್ತು ನೋಡಿದರು. ಕೊನೆಗೆ, "ನಾನು ಹನ್ನೊಂದು ವರ್ಷ ಬೀಡಿ ಸೇದಿದೋನು" ಎಂದರು. "ಬೀಜ ಸೀದು ಹೋಗಿದ್ದು ಗೊತ್ತಾಗ್ದೆ ಒಂದು ಮೂಟೆ ಹಾಳು ಮಾಡ್ದೆ. ಅಪ್ಪ ಹುರಿಯೋ ಒಲೆ ಹತ್ರ ಸೇರಿಸ್ಲಿಲ್ಲ, ಎರಡು ವರ್ಷ. ಮೂಗು ವಾಪಸ್ ಬಂತು, ಆದ್ರೆ ಎಡಗಡೆ ಮಾತ್ರ. ನಡೀರಿ, ನಾನೂ ಬರ್ತೀನಿ."

ಟಿ. ನಗರದಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ವೇಪ್ ಮಾರುವ ಮಳಿಗೆ ಇತ್ತು. ಮಾರುವವನು ನನ್ನ ನೋಟ್‌ಪುಸ್ತಕವನ್ನು ನೋಡಿ, "ಸಾರ್ ಬಿಗಿನರಾ?" ಎಂದು ಕೇಳಿದ.

"ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವರನ್ನ ಬಿಗಿನರ್ ಅಂತಾನಲ್ಲ!" ಎಂದು ಇವರು ನನ್ನ ಪಕ್ಕೆಗೆ ತಿವಿದರು.

ನನ್ನ ಎಂಟು ಅಂಕಣಗಳಲ್ಲಿ ಗೆದ್ದಿದ್ದುದು ಪುಟ್ಟ ಪರದೆಯಿದ್ದ ದಪ್ಪನೆಯ ಯಂತ್ರ. ಎಷ್ಟು ಬಾರಿ ಎಳೆದೆವೆಂಬುದನ್ನೂ ಅದು ಲೆಕ್ಕವಿಡುತ್ತಿತ್ತು. ನನಗೆ ಬಹಳ ಹಿಡಿಸಿತ್ತು. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು.

"ಮೊದಲ ಸಲ ಕಾಫಿ ಫಿಲ್ಟರ್ ಕೊಳ್ಳೋಕೆ ಬಂದವರಿಗೆ ನಾನು ಹನ್ನೆರಡು ಲೋಟದ್ದು ತಗೊಳ್ಳಿ ಅನ್ನಲ್ಲ. ದೊಡ್ಡದಿದ್ರೆ ದೊಡ್ಡದಾಗೇ ಕುಡೀತಾರೆ. ಇದ್ರಲ್ಲಿ ಗುಂಡಿಗಳು ಬೇರೆ. ನೀವು ಸಿಗರೇಟು ಬಿಟ್ಟು ಗುಂಡಿ ಹಿಡ್ಕೋತೀರಿ." ಎಂದು, ಗುಂಡಿಯಿಲ್ಲದ, ಕಿರುಬೆರಳುದ್ದದ ಒಂದನ್ನು ಆರಿಸಿದರು. ನನ್ನ ಪಟ್ಟಿಯಲ್ಲಿ ಅದು ಕೊನೆಯ ಸ್ಥಾನದಲ್ಲಿತ್ತು.

ಅನಂತರ ರುಚಿಯ ಪ್ರಶ್ನೆ. ಮಾರುವವನು ಬಹಳ ಉತ್ಸಾಹದಿಂದ ಕಾಫಿ ರುಚಿಯ ಬಾಟಲಿಯೊಂದನ್ನು ತೆರೆದು ಅವರ ಮುಂದೆ ಹಿಡಿದ. ಎಡ ಹೊಳ್ಳೆಗೆ ಒಯ್ದ ಮರುಗಳಿಗೆಯಲ್ಲೇ ಅವರ ಮುಖ ಹುಳಿ ತಿಂದಂತಾಯಿತು. "ತಂಬಿ, ಇದನ್ನ ಮಾಡಿದವನು ಕಾಫಿ ಗಿಡಾನ ಫೋಟೋದಲ್ಲೂ ನೋಡಿಲ್ಲ" ಎಂದು ತಮಿಳಿನಲ್ಲಿ ಹೇಳಿದರು. ನನಗೆ ಮಾವಿನ ಹಣ್ಣಿನದು ಇಷ್ಟವಾಯಿತು. ಅವರು ಒಪ್ಪಲಿಲ್ಲ.

"ಇಷ್ಟ ಆದದ್ದು ಬೇಡ. ನಾಳೆ ಇದನ್ನೂ ಬಿಡಬೇಕಲ್ಲ. ಸುಮಾರಾಗಿರೋದು ತಗೊಳ್ಳಿ, ಪುದೀನ."

ನಿಕೋಟಿನ್ ಹನ್ನೆರಡು ಮಿಲಿಗ್ರಾಮಿನದರಿಂದ ಆರಂಭಿಸಬೇಕೆಂದು ಮಾರುವವನು ಹೇಳಿದ. ನಾನು ಅಲ್ಲಿಯೇ ಹೊಸ ಪಟ್ಟಿ ಬರೆದೆ: ನಾಲ್ಕು ತಿಂಗಳು ಹನ್ನೆರಡು, ನಾಲ್ಕು ತಿಂಗಳು ಆರು, ನಾಲ್ಕು ತಿಂಗಳು ಮೂರು. ಮೆಟ್ಟಿಲಿಳಿಯುವಾಗ ಅವರು ಕೈಚಾಚಿ, "ಬಾಟಲಿ ನನ್ನ ಹತ್ರ ಇರಲಿ. ಕುಡಿಯೋನ ಮನೇಲಿ ಪೀಪಾಯಿ ಇಡಬಾರದು. ವಾರಕ್ಕೆ ಬೇಕಾದಷ್ಟು ಪುಡಿ ಜೊತೆ ಕೊಡ್ತೀನಿ. ಮುಗಿದಾಗ ನಾನೇ ಬಂದು ತರ್ತೀನಿ" ಎಂದರು. ಒಂದೇ ನಿಯಮ ವಿಧಿಸಿದರು: ಸಿಗರೇಟೂ ಇದೂ ಎರಡನ್ನೂ ಸೇದುವಂತಿಲ್ಲ.

ನಾಲ್ಕನೆಯ ದಿನವೇ ನಿಯಮ ಮುರಿದೆ. ಕಚೇರಿಯೆದುರಿನ ಚಹಾ ಅಂಗಡಿಯಲ್ಲಿ ಒಂದು ಸಿಗರೇಟು ಸೇದಿ, ಶನಿವಾರ ಹೋಗಿ ತಪ್ಪೊಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದೆ. ಅವರು, "ಒಂದು ಹಿಡಿ ಸೀದರೆ ಮೂಟೆ ಬಿಸಾಕ್ತಾರಾ?" ಎಂದಷ್ಟೇ ಹೇಳಿ ನನ್ನ ಪುಟ್ಟ ಸೀಸೆಯನ್ನು ತುಂಬಿಸಿದರು. ಅದೇ ನನ್ನ ಕೊನೆಯ ಸಿಗರೇಟು. ಅಂದು ಅದು ನನಗೆ ತಿಳಿದಿರಲಿಲ್ಲ.

ಎರಡನೆಯ ತಿಂಗಳಲ್ಲಿ ನಿದ್ರೆ ಕೆಟ್ಟಿತು. ಎದೆ ಹೊಡೆದುಕೊಳ್ಳುತ್ತಿತ್ತು, ಕೈ ಸಣ್ಣಗೆ ನಡುಗುತ್ತಿತ್ತು. ಮಲಗುವ ಹೊತ್ತನ್ನು ಅರ್ಧ ಗಂಟೆ ಹಿಂದಕ್ಕೆ ತಂದೆ. ಕೆಲವು ವಾರಗಳಲ್ಲಿ ಸರಿಹೋಯಿತು. ಆ ಯಶಸ್ಸನ್ನು ನನ್ನ ವೇಳಾಪಟ್ಟಿಯ ಖಾತೆಗೆ ಜಮಾ ಮಾಡಿದೆ. ಪ್ರತಿ ದಿನ ನೋಟ್‌ಪುಸ್ತಕದಲ್ಲಿ ದಿನಾಂಕದೆದುರು ನಿಕೋಟಿನಿನ ಪ್ರಮಾಣವನ್ನು ಬರೆದಿಡುತ್ತಿದ್ದೆ. ಒಂದು ದಿನವೂ ತಪ್ಪಿಸಲಿಲ್ಲ.

ಎಂಟನೆಯ ತಿಂಗಳಲ್ಲಿ, ಪಟ್ಟಿಯ ಪ್ರಕಾರ ನಾನಿನ್ನೂ ಆರರಲ್ಲಿದ್ದಾಗ, ರಾಜ್ಯ ಸರ್ಕಾರವು ಇ-ಸಿಗರೇಟುಗಳ ಮಾರಾಟವನ್ನು ನಿಷೇಧಿಸಿತು. ಟಿ. ನಗರದ ಮಳಿಗೆ ಮುಚ್ಚಿತು. ಹಿಂಬಾಗಿಲಿನಿಂದ ಮಾರುವವರಿದ್ದಾರೆಂದು ಕಚೇರಿಯಲ್ಲಿ ಕೇಳಿದೆ. ಕಾನೂನನ್ನು ಮೀರಿ ಕೊಳ್ಳುವ ಮನುಷ್ಯ ನಾನಲ್ಲ. ಆದರೆ ನಿಕೋಟಿನ್ ಇಲ್ಲದ ಸೋಮವಾರವನ್ನು ಊಹಿಸಿಕೊಳ್ಳಲಾಗಲಿಲ್ಲ. ಐದನೆಯ ಸೋಲು ಇದೇ ಎಂದು ನಿಶ್ಚಯಿಸಿ, ಮನೆಗೆ ಬರುವ ದಾರಿಯಲ್ಲಿ ಒಂದು ಪೊಟ್ಟಣ ಸಿಗರೇಟು ಕೊಂಡು ಜೇಬಿನಲ್ಲಿಟ್ಟುಕೊಂಡೇ ಅವರ ಅಂಗಡಿಗೆ ಹೋದೆ.

"ಬಾಟಲಿಯಲ್ಲಿ ಇನ್ನೆಷ್ಟು ಉಳಿದಿದೆ?" ಎಂದೆ.

"ಯಾವ್ದು ಮೇಷ್ಟ್ರೇ?"

"ಆರು ಮಿಲಿಗ್ರಾಮಿನದು."

ಅವರು ಯಂತ್ರ ನಿಲ್ಲಿಸಿದರು. "ಆರೇನು, ನಿಕೋಟಿನ್ನೇ ಮುಗಿದು ಒಂಬತ್ತು ವಾರ ಆಯ್ತು" ಎಂದರು.

"ಹಾಗಾದರೆ ನಾನು ಎಳೆಯುತ್ತಿರುವುದು ಏನು?"

"ಪುದೀನ."

ಗಲ್ಲಾದ ಕೆಳಗಿನಿಂದ ಎರಡು ಬಾಟಲಿಗಳನ್ನು ತೆಗೆದು ನನ್ನ ಮುಂದಿಟ್ಟರು. ಒಂದೇ ತಯಾರಿಕೆ, ಒಂದೇ ಪುದೀನ. ಒಂದು ಹನ್ನೆರಡರದ್ದು, ಖಾಲಿ. ಇನ್ನೊಂದರ ಮೇಲೆ ಸೊನ್ನೆ ಎಂದಿತ್ತು. ಅದೂ ತಳ ಕಂಡಿತ್ತು. ಮೊದಲ ತಿಂಗಳು ಕಳೆದಂದಿನಿಂದ ವಾರ ವಾರವೂ ಹನ್ನೆರಡರದ್ದನ್ನು ಕೊಂಚ ಇಳಿಸಿ ಸೊನ್ನೆಯದನ್ನು ಕೊಂಚ ಏರಿಸುತ್ತಾ, ನನ್ನ ಪಟ್ಟಿಗಿಂತ ಎಷ್ಟೋ ಮುಂದೆ ನಡೆದು, ಒಂಬತ್ತು ವಾರಗಳ ಹಿಂದೆಯೇ ನನ್ನನ್ನು ದಡ ಮುಟ್ಟಿಸಿದ್ದರು.

"ನನ್ನ ಪಟ್ಟಿ?" ನನ್ನ ಬಾಯಿಂದ ಮೊದಲು ಹೊರಟದ್ದು ಅದೇ.

"ಪಟ್ಟಿ ಬಹಳ ಚೆನ್ನಾಗಿತ್ತು. ನಿಮ್ಮ ಅಕ್ಷರಾನೂ ಚೆಂದ."

"ಇದು ಮೋಸ!"

"ಯಾರಿಗೆ ನಷ್ಟ ಆಯ್ತು, ಹೇಳಿ ನೋಡೋಣ." ಅವರು ದಿನಾ ತರಿಸುತ್ತಿದ್ದ ಕನ್ನಡ ಪತ್ರಿಕೆಯನ್ನು ನನ್ನ ಕೈಗಿತ್ತರು. "ಓದಿ. ಉದ್ದಂದು ಯಾವ್ದಾದ್ರೂ."

ಓದಿದೆ. ನಾಲ್ಕೂವರೆ ಸಾಲಿನ ವಾಕ್ಯ; ನಡುವೆ ಮೂರು ಅಲ್ಪವಿರಾಮಗಳು. ಸರದಿಯಲ್ಲಿ ನಿಂತಿದ್ದ ಇಬ್ಬರು ತಮಿಳು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಕ್ರಿಯಾಪದವನ್ನು ಮುಟ್ಟಿ ನಿಲ್ಲಿಸಿದಾಗಲೂ ಎದೆಯಲ್ಲಿ ಗಾಳಿ ಉಳಿದಿತ್ತು. ಜೇಬಿನಿಂದ ಪೊಟ್ಟಣವನ್ನು ತೆಗೆದು ಗಲ್ಲಾದ ಮೇಲಿಟ್ಟೆ. ಅವರು ಗಾಬರಿಯಿಂದ, "ಅಯ್ಯೋ, ಇಲ್ಲಿ ಬೇಡ! ನನ್ನ ಬೀಜಕ್ಕೆ ವಾಸನೆ ಹತ್ತುತ್ತೆ. ಹೊರಗೆ ಬಿಸಾಕಿ" ಎಂದರು. ಬಿಸಾಕಿ ಬಂದೆ. ಕಿರುಬೆರಳುದ್ದದ ಯಂತ್ರವೂ ಅದರ ಹಿಂದೆಯೇ ಹೋಯಿತು.

ಸಿಗರೇಟು ಬಿಡುವುದು ಹೇಗೆಂದು ಈಗ ಯಾರಾದರೂ ನನ್ನನ್ನು ಕೇಳಿದರೆ ನೇರವಾಗಿ ವೈದ್ಯರ ಬಳಿಗೆ ಕಳುಹಿಸುತ್ತೇನೆ. ಯಂತ್ರದಲ್ಲಿ ಮಹಿಮೆಯೇನೂ ಇರಲಿಲ್ಲ. ಬೆರೆಸುವ ಕೈ ಅವರದಾಗಿತ್ತು.

ಕಳೆದ ವರ್ಷ ಅವರು ತೀರಿಕೊಂಡರು. ಬೆಳಿಗ್ಗೆ ಅಂಗಡಿ ತೆರೆದು, ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ನಾನು ಹೋಗುವ ವೇಳೆಗೆ ಸ್ನಾನ ಮಾಡಿಸಿ ಮಲಗಿಸಿದ್ದರು. ಹುಬ್ಬುಗಳು ಹತ್ತಿಯಷ್ಟು ಬೆಳ್ಳಗಿದ್ದವು. ಬೇರೆ ಯಾರದೋ ಮನೆಗೆ ಬಂದೆನೇನೋ ಎಂದು ಕ್ಷಣಕಾಲ ಬಾಗಿಲಲ್ಲೇ ನಿಂತುಬಿಟ್ಟೆ.

ಹದಿನೈದು ದಿನಗಳ ಬಳಿಕ ಅವರ ಮಗಳು ಅಂಗಡಿ ತೆರೆದಳು. "ಅಂಕಲ್, ಚಿಕೋರಿ ಎವ್ವಳವು?" ಎಂದು ಕೇಳಿದಳು. ಎಷ್ಟೆಂದು ನಾನು ಸ್ಪಷ್ಟವಾಗಿ ಹೇಳಿದೆ: ಎಂಬತ್ತಕ್ಕೆ ಇಪ್ಪತ್ತು. ಆ ಪುಡಿಯ ಕಾಫಿ ಕುಡಿದ ಎರಡನೆಯ ದಿನವೇ ಎದೆ ಹೊಡೆದುಕೊಳ್ಳತೊಡಗಿತು, ಕೈ ನಡುಗಿತು. ಹೆಂಡತಿಗೆ ಹೇಳಿದೆ.

"ಎಷ್ಟು ಅಂತ ಹೇಳಿದ್ರಿ?" ಎಂದಳು.

"ನಮ್ಮ ಮಾಮೂಲಿನ ಇಪ್ಪತ್ತು."

ಅವಳು ನಗಲಾರಂಭಿಸಿದಳು, ನಗುತ್ತಲೇ ಕಣ್ಣೊರೆಸಿಕೊಂಡಳು. "ನೀವು ಅದನ್ನ ಕುಡಿದು ಆರು ವರ್ಷ ಆಯ್ತು. ನಿಮಗೆ ನಿದ್ದೆ ಬರ್ತಿಲ್ಲ ಅಂತ ಆಗ ನಾನೇ ಹೋಗಿ ಹೇಳ್ದೆ. 'ಸಿಗರೇಟು ಬಿಟ್ಟೋರಿಗೆ ಕಾಫಿ ಜಾಸ್ತಿ ಹತ್ತುತ್ತೆ ಅಮ್ಮಾ, ನನಗೂ ಹಂಗೇ ಆಗಿತ್ತು. ನಾನು ನೋಡ್ಕೋತೀನಿ' ಅಂದ್ರು."

"ಎಷ್ಟಕ್ಕೆ ತಂದು ನಿಲ್ಲಿಸಿದರು?"

"ನಾನು ಕೇಳ್ಲಿಲ್ಲ."

ಹಳೆಯ ಡಬ್ಬಿಯ ತಳದಲ್ಲಿ ಒಂದೆರಡು ಚಿಟಿಕೆ ಉಳಿದಿತ್ತು. ಅದನ್ನು ಒಯ್ದು ಮಗಳ ಮುಂದಿಟ್ಟೆ. ಅವಳು ಒಂದು ಚಿಟಿಕೆಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೊಸೆದು, ಮೂಗಿನ ಎಡ ಹೊಳ್ಳೆಯ ಬಳಿಗೆ ಒಯ್ದಳು. ಅವಳು ಎಂದೂ ಬೀಡಿ ಸೇದಿದವಳಲ್ಲ. ಹಾಗೆಯೇ ಮಾಡಬೇಕೆಂದು ಚಿಕ್ಕಂದಿನಿಂದ ನೋಡಿ ಕಲಿತಿದ್ದಳು. ಕಣ್ಣುಮುಚ್ಚಿ ಅರೆಗಳಿಗೆ ನಿಂತು, ಎರಡು ಡಬ್ಬಿಗಳಿಂದ ಚಮಚ ಚಮಚವಾಗಿ ತೆಗೆದು ಬೆರೆಸಿ, ಮತ್ತೆ ಮೂಸಿ, ಇನ್ನರ್ಧ ಚಮಚ ಸೇರಿಸಿದಳು. ಅವಳ ಹುಬ್ಬಿನ ಮೇಲೆ ಆಗಲೇ ತೆಳುವಾಗಿ ಕಂದುಪುಡಿ ಕುಳಿತಿತ್ತು.

"ಇದೇ ಅಂಕಲ್, ಅಪ್ಪಾದು. ಎಷ್ಟು ಅಂತ ಸೊಲ್ಲಟ್ಟುಮಾ?"

ಹೇಳಲೇ ಎಂದು ಅವಳು ಕೇಳಿದಳು. ಜೇಬಿನಲ್ಲಿ ಪೆನ್ನಿತ್ತು, ಕೈ ತಾನಾಗಿ ಅದರ ಬಳಿಗೆ ಹೋಗಿತ್ತು. "ಬೇಡಮ್ಮ" ಎಂದೆ.

ಮರುದಿನ ಬೆಳಿಗ್ಗೆ ಸಂಪಾದಕೀಯದಲ್ಲಿ ಅಂಥದೇ ಒಂದು ವಾಕ್ಯ ಸಿಕ್ಕಿತು, ಐದು ಸಾಲಿನದು. ಲೋಟವನ್ನು ಕೆಳಗಿಟ್ಟು ಓದತೊಡಗಿದೆ. ಹೆಂಡತಿ ಹುರುಳಿಕಾಯಿ ಹಿಡಿದು, ಹಳೆಯ ಅಭ್ಯಾಸದಂತೆ, ಕೊನೆಯ ಸಾಲಿಗೆ ತಲೆಯೆತ್ತಿದಳು. ಕ್ರಿಯಾಪದ ಬಂತು. ಸರ್ಕಾರವು ಆ ಬೇಡಿಕೆಯನ್ನು ಒಪ್ಪಿತ್ತು.

"ಪರವಾಗಿಲ್ವೇ!" ಎಂದು ಅವಳು ಮತ್ತೆ ಹೆಚ್ಚತೊಡಗಿದಳು.