ಜೋಶಿ ವಕೀಲರು ಓದದ ತೀರ್ಪು

ಇಲ್ಲದ ಒಂದು ತೀರ್ಪನ್ನು ಹುಡುಕುತ್ತ ನಾನು ಇಡೀ ಭಾನುವಾರ ಕಳೆದೆ.

ಹುಡುಕುವಾಗ ಅದು ಇಲ್ಲ ಎಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಬಟ್ಟೆ ಒಗೆಯುತ್ತಿದ್ದೆ, ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದೆ. (ಒಬ್ಬಳೇ ಇರುವವಳ ಭಾನುವಾರ ಅಂದರೆ ಇಷ್ಟೇ. ನಿಮಗೇನು ಹೊಸತಲ್ಲ, ಈ ಅಂಕಣದಲ್ಲಿ ಎಷ್ಟೋ ಸಲ ಗೊಣಗಿದ್ದೇನೆ.)

ವಿಷಯ ಹೀಗಿದೆ. ನಾನಿರುವುದು, ವಕೀಲಿಕೆ ಮಾಡುವುದು ಬೈಲಹೊಂಗಲದಲ್ಲಿ. ಸವದತ್ತಿ ಕೋರ್ಟಿನಲ್ಲೂ ಒಂದೆರಡು ಕೇಸುಗಳಿವೆ. ಅದರಲ್ಲೊಂದು ನೀಲವ್ವಳದು. ಆಕೆಯ ತವರು ಮನೋಳಿ, ಕೊಟ್ಟಿದ್ದು ಸಂಪಗಾಂವಕ್ಕೆ. ಹೊಳೆದಂಡೆಯ ಹೊಲದಲ್ಲಿ ತನಗೂ ಪಾಲು ಬೇಕೆಂದು ಅಣ್ಣ ಈರಪ್ಪನ ಮೇಲೆ ದಾವೆ ಹೂಡಿದ್ದಾಳೆ. ನಾನು ತಂಗಿಯ ಪರ. ಅಣ್ಣನ ಪರ ಜೋಶಿ ವಕೀಲರು. (ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಗುರುತು ಹಿಡಿಯಲು ಹೋಗಬೇಡಿ.)

ಜೋಶಿಯವರೂ ಬೈಲಹೊಂಗಲದವರೇ. ನನಗಿಂತ ತುಂಬ ಹಿರಿಯರು. ಸವದತ್ತಿಯ ತಾರೀಖು ಇದ್ದ ದಿನ ಇಬ್ಬರಿಗೂ ಒಂದೇ ಬಸ್ಸು. ಕೋರ್ಟಿನೊಳಗೆ ಜಗಳ, ಹೊರಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ. ಎದುರು ಪಾರ್ಟಿ ವಕೀಲರ ಜೊತೆ ಭಜಿ ತಿನ್ನುವುದನ್ನು ನೋಡಿ ಮೊದಮೊದಲು ನೀಲವ್ವಳಿಗೆ ಗಾಬರಿಯಾಗಿತ್ತು. ಆಮೇಲೆ ಅವಳೂ ಅಲ್ಲೇ ನಿಂತು ಚಹಾ ಕುಡಿಯತೊಡಗಿದಳು.

ಜೋಶಿಯವರು ತಮ್ಮ ಲಿಖಿತ ವಾದ ಸಲ್ಲಿಸಿದ್ದರು. ಅದರಲ್ಲಿ ಹೈಕೋರ್ಟಿನ ಒಂದು ತೀರ್ಪಿನ ಉಲ್ಲೇಖ. ಪಕ್ಷಗಾರರ ಹೆಸರು, ಇಸವಿ, ಪುಟದ ಸಂಖ್ಯೆ, ಎಲ್ಲ ಇದೆ. ಮದುವೆಯಲ್ಲಿ ಬಂಗಾರ ಪಡೆದು, ಆಮೇಲೆ ವರ್ಷಗಟ್ಟಲೆ ಸುಮ್ಮನಿದ್ದ ಮಗಳು ಹೊಲದ ಪಾಲನ್ನು ಬಿಟ್ಟುಕೊಟ್ಟಂತೆಯೇ ಎಂದು ಅದರ ಸಾರಾಂಶ.

ಹಾಗೊಂದು ತೀರ್ಪು ಇದ್ದರೆ ನೀಲವ್ವಳ ಕೇಸು ಮುಗಿದ ಹಾಗೆಯೇ. ಇಷ್ಟು ದೊಡ್ಡ ಮಾತು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ?

ಹುಡುಕಿದೆ. ಆ ಪುಟದಲ್ಲಿ ಇದ್ದದ್ದು ಕರೆಂಟಿನ ಕಂಬದ ತಕರಾರು. ಇಸವಿ ತಪ್ಪಿರಬೇಕೆಂದು ಹಿಂದೆ ಮುಂದೆ ನೋಡಿದೆ. ಹೆಸರು ಹಿಡಿದು ಹುಡುಕಿದೆ. ಕಾಗುಣಿತ ಬದಲಿಸಿ ಹುಡುಕಿದೆ. ಸಂಜೆಯ ಹೊತ್ತಿಗೆ ಜೋಶಿಯವರ ವಾದವನ್ನು ಇನ್ನೊಮ್ಮೆ ಓದಿದಾಗ ಒಂದು ಸಂಶಯ ಬಂತು. ಈ ತೀರ್ಪು ಈರಪ್ಪನ ಮೈಗೆ ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು. ನಿಜವಾದ ತೀರ್ಪುಗಳು ಹೀಗೆ ಒಪ್ಪವಾಗಿ ಕೂರುವುದಿಲ್ಲ. ಎಲ್ಲೋ ಬಿಗಿ, ಎಲ್ಲೋ ಸಡಿಲ.

ಆಗ ತಿಳಿಯಿತು. ಇದನ್ನು ಯಾವ ನ್ಯಾಯಮೂರ್ತಿಯೂ ಬರೆದಿಲ್ಲ. ಎಐ ಬರೆದಿದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲು ಬಾರದ ಆ ಯಂತ್ರ. ದೊಡ್ಡ ಊರುಗಳ ವಕೀಲರು ಇಂಥದ್ದರಲ್ಲಿ ಸಿಕ್ಕಿಬಿದ್ದದ್ದನ್ನು ಪೇಪರಿನಲ್ಲಿ ಓದಿ ನಾವೆಲ್ಲ ನಕ್ಕಿದ್ದೆವು. ನಮ್ಮೂರಿಗೇನು ಬರುತ್ತದೆ ಬಿಡು ಎಂದಿದ್ದೆವು.

ಸೋಮವಾರ ಸಂಜೆ ಜೋಶಿಯವರ ಮನೆಗೆ ಹೋದೆ. ಮಂಗಳವಾರ ಕೇಸಿತ್ತು. ಅವತ್ತು ಎದ್ದು ನಿಂತು ಎಲ್ಲರೆದುರು ಹೇಳಿಬಿಡಬಹುದಿತ್ತು. ನನ್ನ ಕಕ್ಷಿದಾರಳಿಗೆ ಅದರಿಂದ ಲಾಭವೇ. ಆದರೆ ಮೊದಲು ಅವರಿಗೆ ಹೇಳದೆ ಹೇಗೆ?

ಬಾಗಿಲು ತೆರೆದೇ ಇತ್ತು. ಒಳಗೆ ಯಾರೋ ಮಾತಾಡುತ್ತಿದ್ದರು. ಹೆಂಗಸಿನ ದನಿ. ಬೀಗರು ಬಂದಿರಬಹುದೆಂದು ಹೊಸ್ತಿಲಲ್ಲೇ ನಿಂತೆ. ನೋಡಿದರೆ ಕೋಣೆಯಲ್ಲಿ ಜೋಶಿಯವರೊಬ್ಬರೇ. ಮೇಜಿನ ಮೇಲೆ ಫೋನು. ದನಿ ಅದರೊಳಗಿನದು.

ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿದ್ದು ನಮಗೆಲ್ಲ ಗೊತ್ತಿತ್ತು. ಆದರೂ ಅವರ ಕೆಲಸ ನಿಂತಿರಲಿಲ್ಲ. ಅವರ ಹೆಂಡತಿ ಸುಧಾಬಾಯಿ ಸಾಲಿ ಮಾಸ್ತರಿಣಿಯಾಗಿದ್ದವರು. ದಿನಾ ಮುಂಜಾನೆ ಗಂಡನಿಗೆ ಕೇಸಿನ ಕಾಗದ, ಕಾನೂನಿನ ಪುಸ್ತಕ, ತೀರ್ಪುಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಅರ್ಥವಾಗದಿದ್ದರೆ ಗಂಡನನ್ನೇ ದಬಾಯಿಸಿ ಕೇಳುತ್ತಿದ್ದರು. ಸುಧಾಬಾಯಿ ತೀರಿಕೊಂಡು ಬಹಳ ದಿನಗಳಾಗಿಲ್ಲ.

ಜೋಶಿಯವರೇ ಚಹಾ ಮಾಡಿ ತಂದರು. ಅದು ಮುಗಿಯುವತನಕ ಬಂದ ವಿಷಯ ಎತ್ತಲಾಗಲಿಲ್ಲ. ಕೊನೆಗೆ ಹೇಳಿದೆ.

"ಸರ, ನೀವು ಹಾಕಿದ ತೀರ್ಪು ಎಲ್ಲಿ ಹುಡಿಕಿದ್ರೂ ಸಿಗವಲ್ದು."

ಅವರು ಮೇಜಿನ ಮೇಲಿದ್ದ ಫೋನಿನ ಕಡೆ ಕೈ ಮಾಡಿದರು.

"ಅದು ಓದಿ ಹೇಳ್ತು ತಂಗಿ. ನಾ ಕೇಳಿ ಟೈಪ್ ಮಾಡಿಸಿದೆ."

"ಮೂಲ ನೋಡ್ಲಿಲ್ಲೇನ್ರಿ?"

"ಯಾವ ಕಣ್ಣಿಲೆ ನೋಡ್ಲಿ?"

ಇವರದು ಪುರಾಣ ಹೇಳುವ ಮನೆತನ. ಬಾಯಿಪಾಠ ಬರುತ್ತಿದ್ದ ಶ್ಲೋಕವನ್ನೂ ಅವರ ತಂದೆ ಪುಸ್ತಕ ತೆಗೆದು ನೋಡಿಯೇ ಹೇಳುತ್ತಿದ್ದರಂತೆ. ಜೋಶಿಯವರೂ ಹಾಗೆಯೇ ಇದ್ದವರು. ತೀರ್ಪಿನ ಮೇಲಿನ ನಾಲ್ಕು ಸಾಲು ಓದಿ ವಾದಕ್ಕೆ ನಿಲ್ಲುವ ವಕೀಲರನ್ನು ಬಾರ್ ರೂಮಿನಲ್ಲಿ ನಿಲ್ಲಿಸಿ ಬೈಯುತ್ತಿದ್ದರು. ಅಂಥವರು ಹೀಗೆ ಅನ್ನುತ್ತಿದ್ದಾರೆ. ನಾನೇನು ಹೇಳಲಿ?

ಅವರೇ ಮುಂದುವರಿಸಿದರು. ಮೊದಲು ಬರೇ ಕೇಸಿನ ವಿಷಯ ಕೇಳುತ್ತಿದ್ದರಂತೆ. ಆಮೇಲಾಮೇಲೆ ಎಲ್ಲ ಹೇಳತೊಡಗಿದರು. ಈರಪ್ಪನ ಮನೆಯ ಜಗಳ, ಹೆಸರುಗಳು, ಹೊಲದ ಸರ್ವೆ ನಂಬರು, ಬಾಗಿಲು ಮುಚ್ಚಿಕೊಂಡು ಆತ ಹೇಳಿಕೊಂಡದ್ದು, ಎಲ್ಲ. ನನ್ನ ಮನೆಯೊಳಗೆ, ನನ್ನ ಫೋನಿನೊಳಗೇ ಇರುತ್ತದಲ್ಲ ಎಂದು ಅವರ ನಂಬಿಕೆ.

"ಆಕಿ ಹೋದ ಮ್ಯಾಲೆ ಮನ್ಯಾಗ ದನಿ ಅಂತ ಇರೂದು ಇದೊಂದ. ಎಷ್ಟು ಸಲ ಕೇಳಿದ್ರೂ ಬ್ಯಾಸರ ಮಾಡ್ಕೊಳ್ಳೂದಿಲ್ಲ" ಎಂದರು.

ನನ್ನ ಮನೆಯಲ್ಲೂ ಬೇರೆ ದನಿ ಇಲ್ಲ. ಹಾಗಾಗಿ ಅವರ ಮಾತು ಅರ್ಥವಾಗಲಿಲ್ಲ ಎಂದು ನಾನು ಹೇಳಲಾರೆ.

ಆದರೆ ಮಂಗಳವಾರ ಮುಂದೆ ನಿಂತಿತ್ತು. ತೀರ್ಪಿನ ಉಲ್ಲೇಖವನ್ನು ಹಿಂದಕ್ಕೆ ಪಡೆಯುವುದಾಗಿ ಅವರೇ ಒಂದು ಮೆಮೊ ಹಾಕಬೇಕು, ಉಳಿದ ವಾದ ಹಾಗೇ ಇರಲಿ, ನಾನು ಒಂದು ಮಾತೂ ಎತ್ತುವುದಿಲ್ಲ ಎಂದೆ. ಅವರು ಒಪ್ಪಿದರು. "ನಾಳಿ ನಾನ ಹೇಳ್ತೇನಿ" ಎಂದರು. ಹಗುರಾಗಿ ಮನೆಗೆ ಬಂದೆ.

ಮರುದಿನ ಬಸ್ಸಿನಲ್ಲಿ ಜೋಶಿಯವರು ಕಿಟಕಿಯ ಪಕ್ಕ ಕೂತು ಹೊರಗೆ ಮುಖ ಮಾಡಿಕೊಂಡೇ ಇದ್ದರು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಾರೆಂದು ನಾನು ಮಾತಿಗೆ ಎಳೆಯಲಿಲ್ಲ.

ನಮ್ಮ ಕೇಸು ಕೂಗಿದರು. ಜೋಶಿಯವರು ಎದ್ದರು. ಈಗಾಗಲೇ ಲಿಖಿತ ವಾದ ಸಲ್ಲಿಸಿದ್ದೇನೆ, ಅದನ್ನೇ ಪರಿಗಣಿಸಬೇಕು ಎಂದರು. ಕೂತರು.

ಅಷ್ಟೇ.

ನ್ಯಾಯಾಧೀಶರು ಅದನ್ನು ಬರೆದುಕೊಂಡು ನನ್ನ ಕಡೆ ನೋಡಿದರು. ನಾನು ಜೋಶಿಯವರ ಕಡೆ ನೋಡಿದೆ. ಅವರು ತಲೆ ಎತ್ತಲಿಲ್ಲ.

ಸುಮ್ಮನಿರಬಹುದಿತ್ತಲ್ಲ ಎಂದು ಆಮೇಲೆ ಅಂದವರಿದ್ದಾರೆ. ಹೌದು, ನ್ಯಾಯಾಧೀಶರೇ ಹುಡುಕಿ ತೆಗೆಯುತ್ತಿದ್ದರೋ ಏನೋ. ತೆಗೆಯದಿದ್ದರೆ? ಅವರ ಮೇಜಿನ ಮೇಲೆ ಫೈಲಿನ ರಾಶಿ. ಇಲ್ಲದ ತೀರ್ಪು ಇರುವ ತೀರ್ಪಿನೊಳಗೆ ಒಮ್ಮೆ ಸೇರಿತೆಂದರೆ ನಾಳೆ ಇನ್ನೊಬ್ಬ ವಕೀಲ ಇದನ್ನು ತೋರಿಸುತ್ತಾನೆ, ರಾಮದುರ್ಗದಲ್ಲೋ ಕಿತ್ತೂರಿನಲ್ಲೋ ಇನ್ನೊಬ್ಬ ನೀಲವ್ವ ಪಾಲು ಕಳೆದುಕೊಳ್ಳುತ್ತಾಳೆ. ನನ್ನ ನೀಲವ್ವ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳು ಹೆಬ್ಬೆಟ್ಟು ಒತ್ತಿದ ವಕಾಲತ್ತು ನನ್ನ ಹೆಸರಿನಲ್ಲಿದೆ. ಮತ್ತು ವಕೀಲ ಎಂದರೆ ಕಕ್ಷಿದಾರನ ಆಳಷ್ಟೇ ಅಲ್ಲ, ನ್ಯಾಯಾಲಯದ ಕಡೆಯವನೂ ಹೌದು ಎಂದು ನನಗೆ ಕಲಿಸಿದ್ದು ಬೇರೆ ಯಾರೂ ಅಲ್ಲ, ಜೋಶಿಯವರೇ.

ಎದ್ದೆ. ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. ಉಲ್ಲೇಖಿಸಿದ ಪುಟದಲ್ಲಿ ಬೇರೆ ತೀರ್ಪಿದೆ, ಇದು ನನಗೆ ಎಲ್ಲಿಯೂ ಸಿಗಲಿಲ್ಲ, ಪ್ರತಿಯನ್ನು ಹಾಜರುಪಡಿಸಲು ಹೇಳಬೇಕು ಎಂದೆ.

"ಜೋಶಿಯವರೇ, ಈ ತೀರ್ಪನ್ನು ನೀವು ಓದಿದ್ದೀರಾ?" ನ್ಯಾಯಾಧೀಶರು ಕೇಳಿದರು.

ಅವರು ಮೇಜು ಹಿಡಿದುಕೊಂಡು ಎದ್ದರು. ಸಮಯ ಕೇಳಬಹುದಿತ್ತು. ಟೈಪಿಂಗ್ ತಪ್ಪು ಎನ್ನಬಹುದಿತ್ತು. ಎಷ್ಟು ಜನ ಅನ್ನುವುದಿಲ್ಲ?

"ಓದಿಲ್ಲ ಸ್ವಾಮಿ. ಯಂತ್ರ ಹೇಳಿದ್ದನ್ನ ಹಾಕೇನಿ. ತಪ್ಪು ನಂದ."

ನ್ಯಾಯಾಧೀಶರು ಗದರಲಿಲ್ಲ. ಆ ಭಾಗವನ್ನು ಹಿಂದಕ್ಕೆ ಪಡೆಯಲು ಅವಕಾಶ ಕೊಟ್ಟರು. ಸಹಿ ಹಾಕುವ ಮುನ್ನ ಪರಿಶೀಲಿಸುವುದು ವಕೀಲರ ಕರ್ತವ್ಯ ಎಂದು ಆದೇಶದಲ್ಲಿ ಬರೆಸಿದರು. ಒಂದೇ ಸಾಲು. ಬರೆಸುವಾಗ ಜೋಶಿಯವರು ನಿಂತೇ ಇದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ಒಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಈರಪ್ಪ ಹೊರಗೆ ವರಾಂಡದಲ್ಲಿ ಅವರನ್ನು ತಡೆದ. ನಾನು ಹಿಂದೆಯೇ ಇದ್ದೆ. ಜಗಳಕ್ಕೆ ನಿಂತಾನೆಂದು ಭಯವಾಯಿತು. ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಸಾಹೇಬ್ರ, ಮನಿ ಮಾತು ನಾ ನಿಮ್ಮ ಮುಂದಷ್ಟ ಹೇಳಿದ್ನಿರಿ. ಆ ಯಂತ್ರದ ಮುಂದನೂ ಹೇಳೀರೇನ್ರಿ?"

ಜೋಶಿಯವರು ಅವನ ಕೈ ಹಿಡಿದರು, ಬಿಟ್ಟರು, ಮೆಟ್ಟಿಲಿನ ಕಡೆ ನಡೆದರು. ನಿಜ ಹೇಳಬೇಕೆಂದರೆ ಆ ಪ್ರಶ್ನೆ ನನಗೂ ಸೇರಿದ್ದು. ಹೆಂಡತಿಗೂ ಹೇಳದ್ದನ್ನು ಜನ ವಕೀಲರಿಗೆ ಹೇಳುತ್ತಾರೆ. ಅದು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ ಎನ್ನುವುದೇ ನಮ್ಮ ಕಸುಬಿನ ಬುಡ. ಈಗ ಫೋನಿಗೆ ಹೇಳಿದ್ದು ಎಲ್ಲಿಗೆ ಹೋಗುತ್ತದೆ, ಎಲ್ಲಿ ಉಳಿಯುತ್ತದೆ, ಯಾರ ಕಣ್ಣಿಗೆ ಬೀಳುತ್ತದೆ? ನಿಮ್ಮ ವಕೀಲರನ್ನು ಒಮ್ಮೆ ಕೇಳಿ ನೋಡಿ. (ನನ್ನನ್ನೂ ಕೇಳಿ. ಬೇಸರವಿಲ್ಲ.)

ಜೋಶಿಯವರು ಬಸ್ಸಿಗೆ ಬರಲಿಲ್ಲ. ಉಗರಗೋಳಕ್ಕೆ ಹೋಗುವುದಿದೆ ಎಂದರು. ಅದನ್ನೂ ನನಗೆ ಹೇಳಲಿಲ್ಲ, ನನ್ನ ಪಕ್ಕದ ಗೋಡೆಗೆ ಹೇಳಿದರು. ಉಗರಗೋಳದಲ್ಲಿ ಅವರಿಗೆ ಯಾರೂ ಇಲ್ಲವೆಂದು ನನಗೆ ಗೊತ್ತು. ಕಿಟಕಿಯ ಸೀಟು ಖಾಲಿಯಿತ್ತು. ನಾನು ಅದರಲ್ಲಿ ಕೂರಲಿಲ್ಲ.

ಬೈಲಹೊಂಗಲದ ಬಾರ್ ರೂಮಿಗೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಾನು ಹೋಗುತ್ತಲೇ ಮಾತು ನಿಂತಿತು. ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ ಹೊರಗೆ ಬಂದಾಗ ಮೆಲ್ಲಗೆ, "ಅಕ್ಕಾರ, ನೀವು ಸುಮ್ನಿರಬೇಕಿತ್ರಿ. ಹಿರಿಯಾರು" ಎಂದರು. ಅಂದಿನಿಂದ ನನ್ನ ಪಕ್ಕದ ಕುರ್ಚಿಯಲ್ಲಿ ಯಾರದಾದರೂ ಕೋಟೋ ಚೀಲವೋ ಇರುತ್ತದೆ. ಮನುಷ್ಯರಿರುವುದಿಲ್ಲ.

ಒಬ್ಬಳೇ ಕೂತವಳಿಗೆ ನೋಡಲು ಪುರಸೊತ್ತು ಜಾಸ್ತಿ. ನೋಡಿದೆ. ಎಲ್ಲರ ತಲೆ ತಗ್ಗಿದೆ, ಎಲ್ಲರ ಕೈಯಲ್ಲೂ ಫೋನು. ಮೊದಲು ಇದೇ ಕೋಣೆಯಲ್ಲಿ ಒಬ್ಬರು ಗಟ್ಟಿಯಾಗಿ ಕೇಳುತ್ತಿದ್ದರು, ಇಂಥ ವಿಷಯಕ್ಕೆ ಯಾವುದಾದರೂ ತೀರ್ಪು ಗೊತ್ತೇನ್ರಪ್ಪ ಅಂತ. ಮೂಲೆಯಿಂದ ಉತ್ತರ ಬರುತ್ತಿತ್ತು. ಅರ್ಧ ಸಲ ತಪ್ಪು ಉತ್ತರ. ಇನ್ನೊಬ್ಬರು ಅದನ್ನು ತಿದ್ದುತ್ತಿದ್ದರು. ಜಗಳ, ಚಹಾ, ಮತ್ತೆ ಜಗಳ. ಈಗ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಕಣ್ಣು ಹೋದ ಒಬ್ಬ ಮನುಷ್ಯ, ಓದಿ ಹೇಳುವವರನ್ನು ಕಳೆದುಕೊಂಡವರು, ಯಾರ ಹತ್ತಿರ ಹೋಗಬೇಕಿತ್ತು? ಓದಿ ಹೇಳ್ತೇವ್ರಿ ಎಂದು ಈ ಕೋಣೆಯಿಂದ ಒಬ್ಬರಾದರೂ ಹೋದೆವಾ?

ಯಂತ್ರವೇ ಬೇಡ ಎನ್ನುವವಳು ನಾನಲ್ಲ. ನಾನೂ ಬಳಸುತ್ತೇನೆ. ಇಂಗ್ಲಿಷಿನ ಉದ್ದ ಆದೇಶವನ್ನು ಚಿಕ್ಕದಾಗಿಸಲು, ನನ್ನ ಒರಟು ಡ್ರಾಫ್ಟನ್ನು ನಯ ಮಾಡಲು. ಹೆಸರು, ಊರು ತೆಗೆದೇ ಕೊಡುತ್ತೇನೆ. ಕೊಟ್ಟಿದ್ದನ್ನು ಸಾಲು ಸಾಲಾಗಿ ನೋಡುತ್ತೇನೆ. ಇದಕ್ಕೆ ಹೊಸ ನಿಯಮ ಬರಲಿ, ಸಮಿತಿ ಕೂರಲಿ, ಒಳ್ಳೆಯದೇ. ಆದರೆ ಕಣ್ಣಿಂದ ಕಾಣದ್ದನ್ನು ಕೋರ್ಟಿಗೆ ಹೇಳಬೇಡ, ನಂಬಿ ಹೇಳಿದ್ದನ್ನು ಮತ್ತೊಬ್ಬರಿಗೆ ಹೇಳಬೇಡ ಎನ್ನುವುದು ಎಂದಿನಿಂದಲೂ ಇದ್ದ ನಿಯಮವೇ ಅಲ್ಲವೇ? ಸಹಿ ಯಾರದೋ ಜವಾಬ್ದಾರಿ ಅವರದೇ. ಯಂತ್ರದ ಹೆಸರಿನಲ್ಲಿ ವಕಾಲತ್ತು ಆಗುವುದಿಲ್ಲ.

ತೀರ್ಪು ಬಂತು. ನೀಲವ್ವಳಿಗೆ ಪಾಲು ಸಿಕ್ಕಿತು. ಗೆದ್ದ ಸಿಹಿಯೆಂದು ಡಬ್ಬಿಯಲ್ಲಿ ಮಾದಲಿ ತಂದು ಕೊಟ್ಟು, ಗೆದ್ದರೂ ನಿಮ್ಮ ಮುಖ ಯಾಕೆ ಹೀಗಿದೆ ಎಂದು ಕೇಳಿದಳು. ಕೆಲಸ ಜಾಸ್ತಿ ಎಂದೆ. ಈರಪ್ಪ ಅಪೀಲಿಗೆ ಹೋಗಿದ್ದಾನೆ, ಬೇರೆ ವಕೀಲರನ್ನು ಹಿಡಿದು. ಜೋಶಿಯವರು ಉಳಿದ ಕೇಸುಗಳನ್ನೂ ಒಂದೊಂದಾಗಿ ಬಿಟ್ಟುಕೊಟ್ಟರು. ಕೋರ್ಟಿಗೆ ಬರುತ್ತಿಲ್ಲ.

ಒಂದು ಸಂಜೆ ಅವರ ಮನೆಗೆ ಹೋದೆ. ಮುಂಜಾನೆ ಮುಂಜಾನೆ ಬಂದು ಪೇಪರನ್ನಾದರೂ ಓದಿ ಹೇಳುತ್ತೇನೆ ಎಂದು ಕೇಳುವುದಿತ್ತು. ಬಾಗಿಲು ಹಾಕಿತ್ತು. ಒಳಗೆ ಆ ಹೆಂಗಸಿನ ದನಿ ಏನನ್ನೋ ಓದುತ್ತಿತ್ತು. ಬಡಿದೆ. ದನಿ ನಿಂತಿತು. ನನ್ನ ಹೆಸರು ಹೇಳಿ ಕಾದೆ. ಸ್ವಲ್ಪ ಹೊತ್ತಿನ ಮೇಲೆ ಓದು ಮತ್ತೆ ಶುರುವಾಯಿತು.

ಮನೆಗೆ ಬಂದವಳು ನನ್ನ ಫೋನು ತೆಗೆದೆ. ಯಾರ ಹೆಸರೂ ಹೇಳದೆ ನಡೆದದ್ದನ್ನು ಬರೆದು, ನಾನು ಮಾಡಿದ್ದು ಸರಿಯೇ ಎಂದು ಕೇಳಿದೆ. ಸರಿ, ಧೈರ್ಯದ ಕೆಲಸ, ಮೆಚ್ಚುವಂಥದ್ದು ಎಂದಿತು. ಆಮೇಲೆ ನಾನೇ ಆ ಹಿರಿಯ ವಕೀಲ ಎಂಬಂತೆ ಬರೆದು ಮತ್ತೆ ಕೇಳಿದೆ. ನಿಮ್ಮ ನೋವು ಅರ್ಥವಾಗುತ್ತದೆ, ನಿಮ್ಮ ಗೆಳತಿ ಇನ್ನೊಂದು ದಿನ ಕಾಯಬಹುದಿತ್ತು ಎಂದಿತು.

ನಾನು ತಪ್ಪಿದ್ದರೆ ಮುಖಕ್ಕೇ ಹೇಳುತ್ತಿದ್ದ ಒಬ್ಬರೇ ಒಬ್ಬರು ಈ ಊರಿನಲ್ಲಿದ್ದರು. ಅವರನ್ನೀಗ ಹೇಗೆ ಕೇಳಲಿ?