ಮೂರನೆಯ ಕೂಗು

ಹೊಲಿಗೆಯಮ್ಮನ ಬಲಗಾಲು ಸುಮ್ಮನಿರುತ್ತಿರಲಿಲ್ಲ. ಮಷಿನ್ನಿನ ಮುಂದೆ ಕೂತಾಗ ಸರಿ, ಅದರ ಕೆಲಸವೇ ಅದು. ಊಟಕ್ಕೆ ಕೂತರೂ, ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತರೂ, ಮಧ್ಯಾಹ್ನ ಗೋಡೆಗೊರಗಿ ತೂಕಡಿಸುವಾಗಲೂ ಆ ಪಾದ ಇಲ್ಲದ ಪೆಡಲನ್ನು ಒತ್ತುತ್ತಲೇ ಇರುತ್ತಿತ್ತು. ಮುಚ್ಚಿದ ಕಣ್ಣು, ಆಡುವ ಕಾಲು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

ಸಿದ್ದಾಪುರದಲ್ಲಿ ನಮ್ಮ ಬಾಡಿಗೆ ಮನೆಗೂ ಅವರೊಬ್ಬರೇ ಇದ್ದ ಮನೆಗೂ ನಡುವೆ ಒಂದೇ ಗೋಡೆ. ನಾನು ಪ್ರಾಥಮಿಕ ಶಾಲೆಯ ಅಕ್ಕೋರು. ನಮ್ಮ ಕಡೆ ಟೀಚರಿಗೆ ಹಾಗೇ ಅನ್ನುವುದು. ನನ್ನವರಿಗೆ ಯಲ್ಲಾಪುರದಲ್ಲಿ ನೌಕರಿ, ಶನಿವಾರ ಬಂದರೆ ಸೋಮವಾರ ಹೊರಟೇಬಿಡುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ನನಗೆ ಸ್ತನದ ಕ್ಯಾನ್ಸರ್ ಆಯಿತು. ಆಪರೇಷನ್ನು, ಔಷಧಿ, ರೇಡಿಯೇಷನ್ನಿನ ಕರೆಂಟು ಕೊಡುವುದು ಎಲ್ಲ ಮುಗಿಸಿ, ಗುಣವಾಯಿತು ಎಂದು ಮನೆಗೆ ಕಳಿಸಿದರು. ಗುಣವಾದವಳ ಗತಿ ನೋಡಬೇಕಿತ್ತು! ಹಗಲು ಒಂದು ಕೊಡ ನೀರು ಎತ್ತಿದರೆ ಅರ್ಧ ದಿನ ಚಾಪೆ. ರಾತ್ರಿ ಅದೇ ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಹಂಚು ಎಣಿಸುವುದು. ಮತ್ತೆ ಮಕ್ಕಳ ಮುಂದೆ ನಿಲ್ಲಲಾರೆನೇನೋ ಎಂಬ ಹೆದರಿಕೆ ನನ್ನನ್ನು ರೋಗಕ್ಕಿಂತ ಹೆಚ್ಚು ತಿಂದಿತು.

ಹೊಲಿಗೆಯಮ್ಮ ಟೇಪು ಹಿಡಿದು ಬಂದು, ಅಯ್ಯೋ ಪಾಪ ಎನ್ನದೆ ಅಳತೆ ತೆಗೆದುಕೊಂಡು ಹೋದರು. ಎರಡು ದಿನಕ್ಕೆ ರವಿಕೆ ತಂದರು.

"ಈ ಬದಿಗೆ ಹತ್ತಿ ಇಟ್ಟು ಹೊಲ್ದಿದ್ದೆ ಅಕ್ಕೋರೇ. ಯಾರಿಗೂ ಗೊತ್ತಾಗೂದಿಲ್ಲ. ಗೊತ್ತಾದ್ರೂ ಅವ್ರ ಅಪ್ಪನ ಗಂಟೇನು ಹೋತು?"

ತಿಂಗಳುಗಟ್ಟಲೆ ಆದ ಮೇಲೆ ನಾನು ನಕ್ಕದ್ದು ಅಂದೇ.

ದಿನಾ ಸ್ವಲ್ಪ ಸ್ವಲ್ಪ ನಡೆಯಬೇಕು, ಹಗಲು ಮಲಗಬಾರದು, ಸಂಜೆ ಮೇಲೆ ಚಹಾ ಬೇಡ ಎಂದು ಡಾಕ್ಟರು ಹೇಳಿದ್ದರು. ನಾನು ಅದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ, ಅಷ್ಟೇ. ಮಾಡಿಸಿದವರು ಇವರು. ಮಧ್ಯಾಹ್ನ ನನಗೆ ಜೋಂಪು ಹತ್ತುವ ಹೊತ್ತಿಗೆ ಸರಿಯಾಗಿ ಹತ್ತಿಪ್ಪತ್ತು ಅಂಗಿ ತಂದು ಕಾಜಾ ಹೊಲಿಯಲು ಕೂರಿಸುತ್ತಿದ್ದರು. ನೆಂಟರೊಬ್ಬರು ಕೊಟ್ಟ ಲೇಹ್ಯದ ಭರಣಿಯನ್ನು, "ಡಾಕ್ಟ್ರಿಗೆ ಕೇಳ್ದೇ ಒಂದು ಚಮಚಾನೂ ಬ್ಯಾಡ" ಎಂದು ತಮ್ಮ ಮನೆಗೇ ಒಯ್ದಿಟ್ಟರು. ನಾನು ಮಲಗಿದ ಮೇಲೆ ಗೋಡೆಯಾಚೆ ದಾರವಿಲ್ಲದ ಮಷಿನ್ನನ್ನು ನಿಧಾನವಾಗಿ ತುಳಿಯುತ್ತಿದ್ದರು. ಆ ಸದ್ದಿಗೆ ಸರಿಯಾಗಿ ನಾನು ಉಸಿರು ಎಳೆದು ಬಿಡಬೇಕು. ಬಟ್ಟೆಯಿಲ್ಲದೆ ಓಡುವ ಮಷಿನ್ನಿನ ಸದ್ದು ಬೇರೆಯೇ ಇರುತ್ತದೆ, ಟೊಳ್ಳಾಗಿ. ಮೊದಮೊದಲು ಭಯವಾಗುತ್ತಿತ್ತು, ಆಮೇಲೆ ಅದಿಲ್ಲದೆ ನಿದ್ದೆಯೇ ಬರದಂತಾಯಿತು.

ಬೆಳಗಿನ ಐದೂವರೆಗೆ ಕೋಲಸಿರ್ಸಿ ರಸ್ತೆಯಲ್ಲಿ ನಡಿಗೆ. ಮೊದಲ ದಿನ ಎರಡು ಲೈಟುಕಂಬ, ವಾರಕ್ಕೊಂದು ಕಂಬ ಹೆಚ್ಚು. ಕತ್ತಲಲ್ಲಿ ಬಂದು ಬಾಗಿಲ ಹೊರಗೆ ನಿಂತು "ಅಕ್ಕೋರೇ" ಎಂದು ಮೂರು ಸಲ ಕೂಗುತ್ತಿದ್ದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮೂರನೆಯದು ಕೇಳಿದ ಮೇಲೇ ನಾನು ಓಗೊಡಬೇಕು.

"ಒಂದೇ ಸಲ ಕೂಗಿದ್ರೆ ಬಾಗ್ಲು ತೆಗೀಬ್ಯಾಡಿ. ಮನಷ್ಯರಾದ್ರೆ ಮತ್ತೆ ಕೂಗ್ತಾರೆ. ಅದಕ್ಕೆ ಎರಡ್ನೇ ಸಲ ಕೂಗೂಕೆ ಬರೂದಿಲ್ಲ."

"ಅದು ಅಂದ್ರೆ ಯಾವುದು?"

"ನೀವು ವಿಜ್ಞಾನ ಕಲ್ಸೋರು, ನಿಮ್ಗೆಂತಕ್ಕೆ ಅದೆಲ್ಲ?" ಎಂದು ನಗುತ್ತಿದ್ದರು.

ನಾನೂ ನಗುತ್ತಿದ್ದೆ, ರಸ್ತೆಯ ಮೋರಿಯ ಹತ್ತಿರ ಅದು ನಡೆದ ದಿನದವರೆಗೆ. ಅಂದು ಮಂಜು ಎಷ್ಟಿತ್ತೆಂದರೆ ಪಕ್ಕದಲ್ಲಿದ್ದ ಅವರ ಸೆರಗಷ್ಟೇ ಕಾಣುತ್ತಿತ್ತು. ಹಿಂದೆ ಬಿದಿರುಮಟ್ಟಿಯ ಕಡೆಯಿಂದ ಯಾರೋ "ಅಕ್ಕೋರೇ" ಎಂದರು. ನಾನು ಓ ಎನ್ನಲು ಬಾಯಿ ತೆರೆದಿದ್ದೆ. ಹೊಲಿಗೆಯಮ್ಮ ನನ್ನ ಮುಂಗೈ ಹಿಡಿದರು. ಅವರ ಕೈ ತಣ್ಣಗಿತ್ತು. "ತಿರುಗಬ್ಯಾಡಿ. ನಡೀರಿ" ಎಂದರು. ಎರಡನೆಯ ಕೂಗು ಬರಲೇ ಇಲ್ಲ. ಒಂದು ಮಾತು ನಾನು ಅವರಿಗೆ ಎಂದೂ ಹೇಳಲಿಲ್ಲ. ಬಿದಿರಿನೊಳಗಿಂದ ಬಂದದ್ದು ಅವರದೇ ದನಿ. ಅವರು ನನ್ನ ಪಕ್ಕದಲ್ಲಿ, ಬಾಯಿ ಮುಚ್ಚಿಕೊಂಡು ನಡೆಯುತ್ತಿದ್ದರು.

ಮಳೆಗಾಲ ಕಳೆದು ನಾನು ಶಾಲೆಗೆ ಹೋದೆ. ಮೊದಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ದಣಿವು ಪೂರಾ ಹೋಗಲಿಲ್ಲ, ಆದರೆ ಹೇಳಿದ ಮಾತು ಕೇಳುವಂತಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಬೆಳಗಿನ ಕೂಗಿಗೇ ಎಚ್ಚರ. ನಡಿಗೆ ಮಾತ್ರ ಬಿಡಲಿಲ್ಲ.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಅದೇ ಹೊತ್ತಿಗೆ, ಬಾಗಿಲ ಹೊರಗೆ "ಅಕ್ಕೋರೇ" ಎಂದದ್ದು ಕೇಳಿತು. ಎದ್ದು ಕೂತು ಎರಡನೆಯದಕ್ಕೆ ಕಾದೆ. ಬರಲಿಲ್ಲ. ಅವರದೇ ದನಿ, ಆದರೆ ಬಿದಿರುಮಟ್ಟಿಯಲ್ಲಿ ಕೇಳಿದ್ದೂ ಅವರದೇ ದನಿಯಾಗಿತ್ತಲ್ಲ! ಹೊರಗೆ ಮೆಟ್ಟಿಲ ಮೇಲೆ ಏನೋ ತಟ್ಟಿದ ಹಾಗೆ ಸಣ್ಣ ಸದ್ದು ಬಿಟ್ಟು ಬಿಟ್ಟು ಬರುತ್ತಿತ್ತು. ಮಕ್ಕಳಿಗೆ ದೆವ್ವವೆಲ್ಲ ಸುಳ್ಳು ಎಂದು ಪಾಠ ಮಾಡುವ ನಾನು, ಕಂಬಳಿ ಹೊದ್ದು, ಕಿವಿ ಮುಚ್ಚಿಕೊಂಡು ಕೂತೆ. ಕಿಟಕಿಯ ಸಂದಿಯಲ್ಲಿ ಬೆಳಕು ಕಂಡ ಮೇಲೇ ಬಾಗಿಲು ತೆಗೆದದ್ದು.

ಹೊಲಿಗೆಯಮ್ಮ ಮೆಟ್ಟಿಲ ಮೇಲೆ ಕಂಬಕ್ಕೊರಗಿ ಕೂತಿದ್ದರು. ಮುಖದ ಎಡಭಾಗ ಜೋತುಬಿದ್ದಿತ್ತು. ಸೀರೆಯ ಅಂಚು ಇಬ್ಬನಿಗೆ ನೆನೆದಿತ್ತು. ಬಲಗಾಲು ಮಾತ್ರ ಮೆಟ್ಟಿಲಿಗೆ ತಟ್ಟುತ್ತ, ನನ್ನನ್ನು ಮಲಗಿಸುತ್ತಿದ್ದ ಅದೇ ನಿಧಾನದಲ್ಲಿ ಆಡುತ್ತಿತ್ತು.

ಮಡಿಲಿಗೆ ತಲೆ ಎತ್ತಿಕೊಂಡೆ. ತೊದಲುತ್ತ ಹೇಳಿದರು, "ಎರಡ್ನೇದು ಕೂಗೂಕೆ ಆಗ್ಲಿಲ್ಲ ಅಕ್ಕೋರೇ. ನೀವು ಬರ್ದೇ ಇದ್ದದ್ದೇ ಸರಿ. ನಾನೇ ಹೇಳಿದ್ನಲ್ಲ."

ಜೀಪು ಮಾಡಿಕೊಂಡು ಶಿರಸಿಯ ಆಸ್ಪತ್ರೆಗೆ ಒಯ್ದೆವು. ಮರುದಿನ ಸಂಜೆ ಹೋಗಿಬಿಟ್ಟರು. ಇನ್ನೂ ಬೇಗ ತಂದಿದ್ದರೆ ಎಂದು ಡಾಕ್ಟರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಧೈರ್ಯ ಇವತ್ತಿಗೂ ನನಗಿಲ್ಲ.

ಈಗಲೂ ಮಲಗಿದಾಗ ಅವರು ಕಲಿಸಿದ ಹಾಗೇ ಉಸಿರು ಬಿಡುತ್ತೇನೆ, ನಿದ್ದೆ ಬರುತ್ತದೆ. ಐದೂವರೆಯ ಹೊತ್ತಿಗೆ ಒಮ್ಮೊಮ್ಮೆ ಹೊರಗಿನಿಂದ "ಅಕ್ಕೋರೇ" ಎಂದು ಕೇಳುತ್ತದೆ, ಒಂದೇ ಸಲ. ಭ್ರಮೆಯೋ ಏನೋ, ನನಗೆ ಗೊತ್ತಿಲ್ಲ. ಎರಡನೆಯದಕ್ಕೆ ಮಾತ್ರ ಕಾಯುವುದಿಲ್ಲ. ಓ ಎನ್ನುತ್ತ ಎದ್ದುಹೋಗಿ ಬಾಗಿಲು ತೆಗೆಯುತ್ತೇನೆ, ಮೆಟ್ಟಿಲನ್ನು ಕೈಯಿಂದ ಮುಟ್ಟಿ ನೋಡಿದ ಮೇಲೇ ನಡೆಯಲು ಹೊರಡುತ್ತೇನೆ.